ಕೊಲಂಬೊದ ಕೊಳದಲ್ಲಿ ಔಡಲೆಣ್ಣೆ

ರಾಣೆಬೆನ್ನೂರು

ನಾನು ಓದಿದವಳಲ್ಲ. ಐವತ್ತು ದಾಟಿದ ಮೇಲೆ ಸಂಜೆಶಾಲೆಯಲ್ಲಿ ಕನ್ನಡ ಅಕ್ಷರ ಕಲಿತೆ, ಅದೂ ಬಸ್ಸಿನ ಬೋರ್ಡು ಓದಲಿಕ್ಕೆ. ಇಂಗ್ಲಿಷು ಬಾರದು. ಇಂಥವಳು ಪರದೇಶ ಸುತ್ತಿದ ಕಥೆ ಬರೆಯಲಿಕ್ಕೆ ಕಾರಣ ಬ್ಯಾಡಗಿಯ ವಖಾರದಲ್ಲಿ ನನ್ನ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು. ದಿನಕ್ಕೊಬ್ಬಳು ಕೇಳುತ್ತಾಳೆ, ಮೊದಲಿನಿಂದ ಹೇಳು ಎನ್ನುತ್ತಾಳೆ. ಹೇಳಿ ಹೇಳಿ ಬಾಯಿ ಒಣಗಿತು. ಬರೆದಿಟ್ಟರೆ ಓದು ಬಂದವಳು ಬಾರದವಳಿಗೆ ಓದಿ ಹೇಳಲಿ, ನನ್ನನ್ನು ಬಿಡಲಿ.

ಹೋದದ್ದು ಶ್ರೀಲಂಕಾಕ್ಕೆ. ಕಾರಣ ನನ್ನ ಮಗಳ ಮಗಳು ನೀಲವ್ವ, ನಮ್ಮ ಬಾಯಲ್ಲಿ ನೀಲಿ. ಆಗ ಹದಿನಾಲ್ಕು ವರ್ಷದವಳು. ಹೊಳೆದಂಡೆಯ ಮೇಡ್ಲೇರಿಯ ಅಂಬಿಗರ ಮನೆಯ ಕೂಸು. ನಡೆಯುವುದಕ್ಕಿಂತ ಮೊದಲು ಈಜಿದಳು ಎಂದು ಅವಳಪ್ಪ ಹೇಳುತ್ತಾನೆ. ಅವನು ಎಲ್ಲದಕ್ಕೂ ಸ್ವಲ್ಪ ಸೇರಿಸಿಯೇ ಹೇಳುವುದು.

ಒಮ್ಮೆ ಹಾವೇರಿಯಲ್ಲಿ ಕ್ರೀಡೆಯವರು ಊರೂರ ಶಾಲೆಯ ಮಕ್ಕಳನ್ನು ಸೇರಿಸಿ ಎತ್ತರ ಅಳೆದರು, ತೂಕ ನೋಡಿದರು, ಎರಡೂ ಕೈ ಚಾಚಿಸಿ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಟೇಪು ಹಿಡಿದರು. ಸಂತೆಯಲ್ಲಿ ಹೋರಿ ನೋಡಿದ ಹಾಗೆ. ಹಲ್ಲು ಮಾತ್ರ ಎಣಿಸಲಿಲ್ಲ. ನೀಲಿಯ ಕೈ ಉದ್ದ. ನೆಲುವಿನ ಮೇಲಿನ ಬೆಲ್ಲ ಕದಿಯುತ್ತಾಳೆಂದು ನಾವು ಆ ಕೈಗೆ ಬೈದದ್ದೇ ಬೈದದ್ದು. ಅವರು ಅದಕ್ಕೇ ಮೆಚ್ಚಿ ಬೆಂಗಳೂರಿನ ಹಾಸ್ಟೆಲಿಗೆ ಕರೆದುಕೊಂಡು ಹೋಗಿ ವಾಟರ್ ಪೋಲೋ ಎಂಬ ಆಟ ಕಲಿಸಿದರು.

ಆಟ ಹೀಗಿದೆ. ಆಳದ ಕೊಳದಲ್ಲಿ ಈ ಕಡೆ ಏಳು ಜನ, ಆ ಕಡೆ ಏಳು ಜನ. ಕಾಲು ನೆಲಕ್ಕೆ ತಾಗಬಾರದು. ಒಂದೇ ಕೈಯಲ್ಲಿ ಚೆಂಡು ಹಿಡಿದು ಎದುರಿನವರ ಬಲೆಗೆ ಒಗೆಯಬೇಕು. ಮೇಲಿನಿಂದ ನೋಡಿದರೆ ಚೆಂಡಾಟ. ನೀರಿನೊಳಗೆ ಒದೆಯುವುದು, ಜಗ್ಗುವುದು, ಮುಳುಗಿಸುವುದು. ನಮ್ಮ ಓಣಿಯ ನಳದ ಮುಂದೆ ಕೊಡ ಹಿಡಿದು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಕಲಿಸುವವರು ಸುಧಾ ಮೇಡಂ, ಮೈಸೂರು ಕಡೆಯವರು. ಹೊರದೇಶಕ್ಕೆ ಹೋಗುವಾಗ ಹುಡುಗಿಯರ ಮನೆಯ ಒಬ್ಬ ಹೆಂಗಸು ಜೊತೆಗಿರಬೇಕೆಂದು ಅವರ ಕಟ್ಟಳೆ. ಬೆಂಗಳೂರಿನ ತಾಯಂದಿರಿಗೆಲ್ಲ ನೌಕರಿ. ನನ್ನ ಮಗಳು ಬಾಣಂತಿ. ಕೆಲಸವಿಲ್ಲದವಳು ಎಂದು ನಾನು ಸಿಕ್ಕೆ. ಮೂವತ್ತು ವರ್ಷ ಮೆಣಸಿನಕಾಯಿ ಬಿಡಿಸಿದ್ದು ಕೆಲಸವಲ್ಲವೆಂದು ನನಗೆ ಆಗ ತಿಳಿಯಿತು.

ಮೇಡಂ ಹೊರಡುವ ಮೊದಲೇ ಹೇಳಿಬಿಟ್ಟರು: ಹದಿಮೂರು ಹುಡುಗಿಯರು ಹೋಗುತ್ತಾರೆ, ಮೂರು ಪಂದ್ಯ ಆಡುತ್ತಾರೆ, ಅದಾದ ಮೇಲೆ ಒಂಬತ್ತು ಜನರನ್ನು ಮಾತ್ರ ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವುದು, ನಾಲ್ವರು ಮನೆಗೆ. ನನ್ನ ಮಗಳೂ ಹೇಳಿಬಿಟ್ಟಳು: "ಉಳದ್ರ ಉಳೀಲಿ. ಇಲ್ಲಂದ್ರ ಅಜ್ಜಿ ಜೋಡಿ ಬ್ಯಾಡಗಿ ರೈಲು ಹತ್ತಲಿ." ಅದನ್ನು ಕೇಳಿ ನೀಲಿ ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ನನಗೆ ಎರಡರಲ್ಲಿ ಯಾವುದಾದರೂ ನಡೆಯುತ್ತಿತ್ತು. ಅವಳಿಗೆ ನಡೆಯುತ್ತಿರಲಿಲ್ಲ.

ದಿನಾ ಬ್ಯಾಡಗಿಗೆ ಹೋಗುವ ರೈಲಿನಲ್ಲಿ ನಮ್ಮ ಹೆಂಗಸರಲ್ಲಿ ಒಬ್ಬಳಾದರೂ ಸುಖವಾಗಿ ಹೋಗಿ ಬಾ ಎನ್ನಲಿಲ್ಲ.

"ಲಂಕಾಕ್ಕ ಹೊಂಟೀಯಂತಲ್ಲಬೇ. ಬೆಂಕಿ ಹಚ್ಚಿಗಿಚ್ಚಿ ಬಂದೀ ಮತ್ತ."

"ಬಾಲ ಎಲ್ಲೈತಿ ನನಗ?" ಎಂದೆ.

"ನಿನ್ನ ನಾಲಿಗಿ ಸಾಕು."

ವಿಮಾನ

ಬೆಂಗಳೂರಿನಲ್ಲಿ ನನ್ನ ಚೀಲ ಬಿಚ್ಚಿಸಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೆಣಸಿನಪುಡಿ, ಒಂದು ಬಾಟಲಿ ಔಡಲೆಣ್ಣೆ, ಮೈಸೂರು ಕಡೆ ಹರಳೆಣ್ಣೆ ಎನ್ನುತ್ತಾರಲ್ಲ, ಅದು. ಪೊಲೀಸಿನವನು ರೊಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದ. ಟಣ್ ಎಂದಿತು. ಇದೇನು ಎಂದು ಕೇಳಿದ. "ರೊಟ್ಟಿರಿ. ಹಲ್ಲು ಗಟ್ಟಿ ಅದಾವೇನು ನಿಮ್ಮವು?" ಎಂದೆ. ಮುಂದೆ ಏನನ್ನೂ ಕೇಳದೆ ಬಿಟ್ಟ. ಎಣ್ಣೆ, ನೀರು ಒಯ್ಯಬಾರದೆಂಬ ಕಟ್ಟಳೆ ಇನ್ನೂ ಬಂದಿರಲಿಲ್ಲ, ಬಾಟಲಿಗೆ ಆಗ ಯಾರೂ ತಕರಾರು ಮಾಡುತ್ತಿರಲಿಲ್ಲ.

ಮೇಲಿನಿಂದ ಮೋಡ ನೋಡಿದರೆ ಜಿನ್ನಿಂಗ್ ಗಿರಣಿಯ ಅಂಗಳದಲ್ಲಿ ಹತ್ತಿ ಹರವಿದಂತಿತ್ತು. ಅದನ್ನು ನೋಡಲು ಇಷ್ಟು ಮೇಲೆ ಹೋಗಬೇಕಿಲ್ಲ, ರಾಣೆಬೆನ್ನೂರಿನಲ್ಲೇ ಕಾಣುತ್ತದೆ. ವಿಮಾನದ ಹುಡುಗಿ ಚಿಮಟಿಗೆಯಲ್ಲಿ ಹಿಡಿದು ಒಂದು ಬಿಸಿ ಒದ್ದೆ ಬಟ್ಟೆ ಕೊಟ್ಟಳು. ನಾನು ಮುಂದಿನ ಹಲಗೆಯನ್ನು ಚೆನ್ನಾಗಿ ಒರೆಸಿ ವಾಪಸು ಕೊಟ್ಟೆ. ಪಕ್ಕದಲ್ಲಿ ಪ್ರೀತಿ ಕೂತಿದ್ದಳು. ಬೆಂಗಳೂರಿನ ಹುಡುಗಿ, ಚೆಂಡು ಒಗೆಯುವುದರಲ್ಲಿ ತಂಡಕ್ಕೇ ಮುಂದು, ಮಾತಿನಲ್ಲಿಯೂ ಮುಂದು.

"ಅಯ್ಯೋ ಅಜ್ಜಿ, ಅದು ಮುಖ ಒರೆಸ್ಕೊಳೋಕೆ ಕೊಡೋದು!"

"ಮುಖಕ್ಕ ಏನಾಗೈತಿ? ಹಲಗಿನ ಹೊಲಸಾಗಿತ್ತು."

ಅವಳು ಹಿಂದೆ ತಿರುಗಿ ಉಳಿದವರಿಗೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ನಕ್ಕರು, ನೀಲಿಯೊಬ್ಬಳನ್ನು ಬಿಟ್ಟು. ರಾಣೆಬೆನ್ನೂರಿನಿಂದ ಬೆಂಗಳೂರಿಗೆ ರೈಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಈ ವಿಮಾನ ಲಂಕೆಗೆ ಎರಡು ಸಲ ಹೋಗಿ ಬರುತ್ತದೆ. ನಕ್ಕು ಮುಗಿಸುವುದರೊಳಗೆ ಊರು ಬಂದಿತ್ತು.

ಕೊಲಂಬೊ, ಮೊದಲ ದಿನ

ಅಲ್ಲಿನ ಬೋರ್ಡುಗಳನ್ನು ನೋಡಿ ಖುಷಿಯಾಯಿತು. ಅಕ್ಷರ ನಮ್ಮವುಗಳಂತೆಯೇ ದುಂಡಗೆ, ಸುರುಳಿ ಸುರುಳಿ. ಓದಬಹುದು ಎಂದು ನಿಂತೆ. ಒಂದೂ ಹತ್ತಲಿಲ್ಲ. ಮದುವೆ ಮನೆಯಲ್ಲಿ ನಮ್ಮವರಂತೆ ಕಾಣುವವರನ್ನು ಮಾತಾಡಿಸಿದರೆ ಯಾರು ನೀವು ಎಂದು ಮುಖ ತಿರುಗಿಸುತ್ತಾರಲ್ಲ, ಹಾಗೆ.

ಜನ ಬಹಳ ಸಭ್ಯರು. ಯಾರ ಮುಖ ನೋಡಿದರೂ ನಗುತ್ತಾರೆ. ಮೊದಲು ನನ್ನ ಸೀರೆ ಎಲ್ಲಾದರೂ ಜಾರಿದೆಯೇನೋ ಎಂದು ನೋಡಿಕೊಂಡೆ. ಹೆಂಗಸರು ಬಿಸಿಲಿಗೂ ಕೊಡೆ ಹಿಡಿಯುತ್ತಾರೆ. ನಮ್ಮಲ್ಲಿ ಕೊಡೆಯನ್ನು ಮಳೆಗೆಂದು ಜೋಪಾನ ಮಾಡುತ್ತೇವೆ, ಮಳೆ ಬರುವುದರೊಳಗೆ ಇಲಿ ಕಡಿದಿರುತ್ತದೆ. ರಸ್ತೆ ಕೂಡುವಲ್ಲೆಲ್ಲ ಸಿಪಾಯಿಗಳು ಬಂದೂಕು ಹಿಡಿದು ನಿಂತಿದ್ದರು. ಯುದ್ಧ ನಿಂತಿದೆ ಎಂದರು. ನಿಂತ ಯುದ್ಧಕ್ಕೆ ಇಷ್ಟು ಬಂದೂಕು ಬೇಕಾದರೆ ನಡೆಯುವ ಯುದ್ಧಕ್ಕೆ ಎಷ್ಟು ಬೇಕಾಗಿತ್ತೋ.

ನಾವು ಇಳಿದುಕೊಂಡ ಮನೆಯ ಅಡುಗೆಯವಳು ಅನ್ನದ ಜೊತೆ ಕೊಬ್ಬರಿ ತುರಿಯ ಕೆಂಪು ಚಟ್ನಿ ಬಡಿಸಿದಳು. ನಾನು ಬ್ಯಾಡಗಿಯವಳೆಂಬ ಸೊಕ್ಕಿನಲ್ಲಿ ದೊಡ್ಡ ತುತ್ತನ್ನೇ ಇಟ್ಟೆ. ಕಣ್ಣಲ್ಲಿ, ಮೂಗಲ್ಲಿ ನೀರು. ಮೂವತ್ತು ವರ್ಷ ಮೆಣಸಿನಕಾಯಿ ರಾಶಿಯಲ್ಲಿ ಕೂತರೂ ಬಾರದ ಕಣ್ಣೀರು ಲಂಕೆಯಲ್ಲಿ ಬಂತು. ನನ್ನ ಪುಡಿಯನ್ನು ಅವಳ ಅಂಗೈಗೆ ಹಾಕಿದೆ. ನೆಕ್ಕಿದಳು, ಕಾದಳು, ಏನೂ ಆಗಲಿಲ್ಲವೆಂದು ಕೈ ತಿರುವಿದಳು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಖಾರ ನಮ್ಮ ಬಾಯಿಯಲ್ಲಿ ಇಟ್ಟುಕೊಂಡಿದ್ದೇವೆ.

ಸುತ್ತಲಿನ ದೇಶಗಳ ಎಳೆಯರ ಸ್ಪರ್ಧೆ ಎಂದು ದೊಡ್ಡ ಬಟ್ಟೆ ಕಟ್ಟಿದ್ದರು. ಬಂದದ್ದು ಎರಡೇ ದೇಶ. ಅವರವು ಮೂರು ತಂಡ, ನಮ್ಮದೊಂದು. ಉಳಿದ ದೇಶಗಳಿಗೆ ಪತ್ರ ಮುಟ್ಟಿರಲಿಕ್ಕಿಲ್ಲ.

ಆ ದಿನದ ಪಂದ್ಯದಲ್ಲಿ ನೀಲಿ ದಂಡೆಯ ಬೆಂಚಿನ ಮೇಲೆ ಟವೆಲು ಹೊದ್ದು ಕೂತೇ ಇದ್ದಳು. ಅವಳನ್ನು ಇಳಿಸಲಿಲ್ಲ. ಪ್ರೀತಿ ಎರಡು ಗೋಲು ಹೊಡೆದಳು, ಒಬ್ಬಳನ್ನು ಮುಳುಗಿಸಿದಳು, ತೀರ್ಪುಗಾರನಿಗೆ ಎದುರು ಮಾತಾಡಿದಳು. ನಾವು ಸೋತೆವು.

ಎರಡನೇ ದಿನ

ಕೊಳದ ನೀರಿಗೆ ಏನೋ ಔಷಧಿ ಹಾಕುತ್ತಾರೆ. ಮೈಯೆಲ್ಲ ಬಿಳಿಚಿ, ಬಿರಿದು, ತುರಿಸುತ್ತದೆ. ನೀಲಿ ಎದ್ದಾಗಿನಿಂದ ತೋಳು ಕೆರೆದುಕೊಳ್ಳುತ್ತಿದ್ದಳು. ಹೊಳೆಯ ಜನರಿಗೆ ಇದಕ್ಕೆ ಒಂದೇ ಮದ್ದು: ನೀರಿಗಿಳಿಯುವ ಮೊದಲು ಮೈಗೆ ಔಡಲೆಣ್ಣೆ ಹಚ್ಚಿ ತಿಕ್ಕುವುದು. ಅವಳ ಅಪ್ಪನಿಗೂ ಹಾಗೆ, ಅವನ ಅಪ್ಪನಿಗೂ ಹಾಗೆ. ನಾನು ಬಾಟಲಿ ತೆಗೆದೆ.

"ಎಣ್ಣಿ ಹಚ್ಚಬಾರದಬೇ. ಆಟದಾಗ ನಡಿಯಂಗಿಲ್ಲ" ಎಂದಳು.

"ಯಾಕ? ಎಣ್ಣಿ ಏನ್ ಪಾಪ ಮಾಡೈತಿ?"

ಅವಳು ಬೆನ್ನು ಕೊಟ್ಟು ಕೂತಳು. "ಹಚ್ಚಬೇ. ಹೆಂಗೂ ನನ್ನ ಇಳಸಂಗಿಲ್ಲ. ಬೆಂಚಿನ ಮ್ಯಾಲೆ ಕುಂದ್ರಾಕ ಎಣ್ಣಿ ಇದ್ದರೇನು, ಇಲ್ದಿದ್ರೇನು."

ಕುತ್ತಿಗೆ, ಭುಜ, ಬೆನ್ನು, ಉದ್ದನೆಯ ಎರಡೂ ತೋಳು, ಕೈ ತುಂಬ ತುಂಬ ಹಾಕಿ ತಿಕ್ಕಿದೆ. ಔಡಲೆಣ್ಣೆ ದಪ್ಪ. ಮೇಲೆ ಕಡಲೆಹಿಟ್ಟು ತಿಕ್ಕಿ ತೊಳೆದರೂ ಪೂರಾ ಹೋಗುವುದಿಲ್ಲ. ಇಲ್ಲಿ ಕಡಲೆಹಿಟ್ಟೂ ಇರಲಿಲ್ಲ.

ಪಂದ್ಯದ ಮೊದಲು ತೀರ್ಪುಗಾರ ಹುಡುಗಿಯರ ಉಗುರು ನೋಡಿದ. ನಮ್ಮ ಶಾಲೆಯ ಮಾಸ್ತರರಂತೆ ಒಬ್ಬೊಬ್ಬಳ ಕೈ ತಿರುವಿ ನೋಡಿದ. ಉಗುರಿನಿಂದ ಮುಂದಕ್ಕೆ ಹೋಗಲಿಲ್ಲ.

ಆಟಕ್ಕೆ ನಾಲ್ಕು ಪಾಲು. ಮೂರನೇ ಪಾಲಿನಲ್ಲಿ ಪ್ರೀತಿ ಮೂರನೇ ಸಲ ತಪ್ಪು ಮಾಡಿದಳು. ಮೂರಾದರೆ ಆ ಪಂದ್ಯದಿಂದ ಹೊರಗೆ. ಮೇಡಂ ಬೆಂಚಿನತ್ತ ತಿರುಗಿ ನೋಡಿದರು. "ನೀಲಾ, ಇಳಿ!"

ನೀಲಿ ಮೊದಲು ಮೇಡಂ ಮುಖ ನೋಡಿದಳು, ಆಮೇಲೆ ಮೇಲೆ ಕೂತಿದ್ದ ನನ್ನ ಮುಖ. ನಾನು ಹೋಗು ಎಂದು ಕೈ ಮಾಡಿದೆ. ಬೇರೆ ಏನು ಮಾಡುವುದು? ಟವೆಲು ಬಿಸಾಕಿ ಇಳಿದಳು.

ಇಳಿದಲ್ಲಿಂದ ಅವಳನ್ನು ಹಿಡಿಯುವುದು ಯಾರಿಗೂ ಆಗಲಿಲ್ಲ. ದಪ್ಪನೆಯ ಒಬ್ಬ ಹುಡುಗಿ ಭುಜಕ್ಕೆ ಕೈ ಹಾಕಿದಳು, ಜಾರಿತು. ತೋಳಿಗೆ ಹಾಕಿದಳು, ಜಾರಿತು. ಇಬ್ಬರು ಸೇರಿ ಹಿಡಿದರು. ನೀಲಿ ಬಾಳೆಮೀನಿನಂತೆ ಅವರ ನಡುವಿನಿಂದ ಹೊರಬಿದ್ದು, ಉದ್ದ ಕೈ ಎತ್ತಿ ಚೆಂಡು ಒಗೆದಳು. ಗೋಲು. ಆ ಊರಿನವರಿಗೂ ಖುಷಿಯಾಯಿತು. ಅವರು ಸಭ್ಯರೆಂದು ಹೇಳಿದೆನಲ್ಲ, ಎದ್ದು ಚಪ್ಪಾಳೆ ತಟ್ಟಿದರು. ನಾನೂ ಎದ್ದೆ. ಆಗ ಕಂಡಿತು. ನೀಲಿ ಹೋದ ದಾರಿಯುದ್ದಕ್ಕೂ ನೀರಿನ ಮೇಲೆ ಬಣ್ಣ ಬಣ್ಣದ ಪೊರೆ, ಬಿಸಿಲಿಗೆ ನವಿಲುಗರಿಯ ಹಾಗೆ ಹೊಳೆಯುತ್ತಿತ್ತು.

ದಪ್ಪ ಹುಡುಗಿ ತನ್ನ ಅಂಗೈ ಮೂಸಿ ನೋಡಿಕೊಂಡಳು. ಆಮೇಲೆ ಕೈ ಎತ್ತಿ ಕೂಗಿದಳು. ತೀರ್ಪುಗಾರ ಸೀಟಿ ಊದಿ, ನೀಲಿಯನ್ನು ದಂಡೆಗೆ ಕರೆದು ಭುಜದ ಮೇಲೆ ಒಂದು ಬೆರಳು ಎಳೆದ. ಬೆರಳು ಕುತ್ತಿಗೆಯಿಂದ ಮೊಣಕೈವರೆಗೆ ತಾನಾಗಿಯೇ ಬಂತು. ಗೋಲು ಉಳಿಯಿತು, ನೀಲಿ ಹೊರಗೆ ಬಂದಳು. ಆ ಗೋಲು ಇದ್ದೂ ನಾವು ಸೋತೆವು.

ಮೇಡಂ ಎಲ್ಲರ ಮುಂದೆ ಕೇಳಿದರು. "ಯಾರೇ ಇದನ್ನ ಹಚ್ಚಿದ್ದು?"

"ನಾನ ಹಚ್ಚಿಕೊಂಡೇನ್ರಿ ಮೇಡಂ" ಎಂದಳು ನೀಲಿ.

ನಾನು ಮೆಟ್ಟಿಲು ಇಳಿದು ಬಂದೆ. "ಸುಳ್ಳು ಹೇಳಾಕತ್ತಾಳ್ರಿ. ನಾ ಹಚ್ಚೇನಿ. ತನ್ನ ಬೆನ್ನಿಗೆ ತಾ ಹೆಂಗ ಹಚ್ಚಿಕೊಂತಾಳ?"

"ಅವಳ ಕೈ ಅಷ್ಟು ಉದ್ದ ಇದೆ ಅಜ್ಜಿ. ಅದಕ್ಕೇ ಅವಳನ್ನ ಆರಿಸಿದ್ದು." ಮೇಡಂ ಉಸಿರು ಬಿಟ್ಟರು. "ಇದು ಆಟ ಅಜ್ಜಿ, ಅಭ್ಯಂಜನ ಅಲ್ಲ."

"ತಪ್ಪು ನಂದು. ಕಳಿಸೂದಾದ್ರ ನನ್ನ ಕಳಸ್ರಿ."

"ನಿಮ್ಮನ್ನ ನಾನು ಆರಿಸಿಲ್ಲ, ಕಳಿಸೋಕೂ ಬರಲ್ಲ." ನೀಲಿಯ ಕಡೆ ತಿರುಗಿದರು. "ನಾಳೆ ಮೊದಲಿನಿಂದ ನಿನ್ನನ್ನೇ ಇಳಿಸ್ತೀನಿ. ಎಣ್ಣೆ ಇಲ್ದೆ ಎಷ್ಟು ಹೊತ್ತು ನಿಲ್ತೀಯೋ ನೋಡೋಣ. ನಿಲ್ಲೋಕೆ ಆಗ್ಲಿಲ್ಲ ಅಂದ್ರೆ ಊರಿಗೆ."

ಸಂಜೆ ನೀಲಿ ಬಟ್ಟೆ ಒಗೆಯುವ ಸಾಬೂನಿನ ಒಂದು ಬಿಲ್ಲೆ ಪೂರ್ತಿ ಸವೆಸಿದಳು. ಬೆನ್ನು ತಿಕ್ಕಲು ನಾನು ಹೋದೆ. ಬಾಗಿಲ ಹೊರಗಿನಿಂದ ಮೇಡಂ ಕೂಗಿದರು, "ಅಜ್ಜಿ ಕೈ ಹಾಕೋದು ಬೇಡ!" ಬೆನ್ನನ್ನು ಪ್ರೀತಿ ತಿಕ್ಕಿದಳು. ತಿಕ್ಕುತ್ತ ಕೇಳಿದಳು, "ಆ ಎಣ್ಣೆ ಇನ್ನೂ ಮಿಕ್ಕಿದೆಯಾ ಅಜ್ಜಿ?" ಅದು ಚೇಷ್ಟೆಯೋ ಆಸೆಯೋ ನನಗೆ ತಿಳಿಯಲಿಲ್ಲ.

ಮೂರನೇ ದಿನ

ಈ ಸಲ ತೀರ್ಪುಗಾರ ಉಗುರನ್ನು ಮರೆತ, ಭುಜ ಹಿಡಿದ. ನಮ್ಮ ಹದಿಮೂರೂ ಜನರ ಭುಜದ ಮೇಲೆ ಬೆರಳು ಎಳೆದು ನೋಡಿದ. ನೀಲಿಯ ಭುಜವನ್ನು ಎರಡು ಸಲ. ಅದು ತಿಕ್ಕಿ ತಿಕ್ಕಿ ಕೆಂಪಾಗಿತ್ತು, ಬೆರಳು ತಡೆದು ತಡೆದು ಹೋಯಿತು. ಎದುರಿನ ತಂಡದವರನ್ನು ಮುಟ್ಟಲಿಲ್ಲ. ಕಳ್ಳತನ ಒಂದು ಮನೆಯಲ್ಲಿ ಆದರೆ ಓಣಿಯ ಉಳಿದವರೆಲ್ಲ ಸಾಚಾ ಆಗುತ್ತಾರೆ.

ಎದುರಿನವರು ಕೊಲಂಬೊದವರೇ, ಮೂರರಲ್ಲಿ ಗಟ್ಟಿ ತಂಡ. ಹಿಂದಿನ ದಿನದ ಪಂದ್ಯವನ್ನು ಅವರೆಲ್ಲ ಸಾಲಾಗಿ ಕೂತು ನೋಡಿದ್ದರು. ಇಬ್ಬರು ಹಿಡಿದರೂ ಸಿಗದ ಹುಡುಗಿ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಯಾಕೆ ಸಿಗಲಿಲ್ಲವೆಂದು ಗೊತ್ತಿದ್ದೂ ಹೆದರಿದರು. ಹೆದರಿಕೆಗೆ ಕಾರಣ ಬೇಕಿಲ್ಲ. ನೀಲಿಯ ಮೇಲೆ ಶುರುವಿನಿಂದಲೇ ಇಬ್ಬರನ್ನು ಬಿಟ್ಟರು, ಒಬ್ಬಳು ಮುಂದೆ, ಒಬ್ಬಳು ಹಿಂದೆ.

ಎಣ್ಣೆಯಿಲ್ಲದ ನೀಲಿ ಎಲ್ಲರಂತೆ ಸಿಕ್ಕಳು. ಹಿಂದಿನವಳು ಹೆಗಲ ಮೇಲೆ ಹತ್ತಿದಳು. ಮುಂದಿನವಳು ಎದೆಗೆ ಒದ್ದಳು. ತಲೆಯ ಟೊಪ್ಪಿಗೆ ಕಿತ್ತು ಕುತ್ತಿಗೆಗೆ ಬಂತು. ಮುಳುಗಿದಳು, ಎದ್ದಳು, ಉಸಿರು ತೆಗೆದಳು, ಮತ್ತೆ ಮುಳುಗಿದಳು. ಒಮ್ಮೆ ಬಹಳ ಹೊತ್ತು ಏಳಲಿಲ್ಲ. ಕೂದಲು ನೀರಿನಲ್ಲಿ ಹರಡಿದ್ದಷ್ಟೇ ಕಾಣುತ್ತಿತ್ತು.

"ಏ! ಕೂಸಿನ್ನ ಬಿಡ್ರೇ!" ನಾನು ಕಟಾಂಜನದ ಕಂಬಿಯ ತನಕ ಓಡಿದ್ದೆ. ಕಾಲಿನ ಚಪ್ಪಲಿ ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದ ಒಬ್ಬ ಹೆಂಗಸು ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು, ನೆಲಕ್ಕೆ ಇಟ್ಟು, ನಕ್ಕಳು. ನನ್ನ ನೀಲಿಯ ಮೇಲೆ ಹತ್ತಿದ್ದು ಅವಳ ಮಗಳೆಂದು ಆಮೇಲೆ ಗೊತ್ತಾಯಿತು.

ನೀಲಿ ಎದ್ದಳು. ದಂಡೆಗೆ ಬರಲಿಲ್ಲ. ಕೈ ಎತ್ತಿ ಸಾಕು ಎಂದು ಹೇಳಲಿಲ್ಲ. ನಾಲ್ಕೂ ಪಾಲು ಹೊಡೆತ ತಿಂದಳು. ಚೆಂಡು ಅವಳ ಕೈಗೆ ಬಂದದ್ದು ಎರಡು ಸಲ, ಎರಡೂ ಸಲ ಕಸಿದುಕೊಂಡರು. ಆದರೆ ಅವರ ಇಬ್ಬರು ಇವಳಿಗೇ ಅಂಟಿಕೊಂಡದ್ದರಿಂದ ನಮ್ಮ ಒಬ್ಬಳು ಯಾವಾಗಲೂ ಬಿಡುವಾಗಿ ಇರುತ್ತಿದ್ದಳು. ಯಾರು ಬಿಡುವಾಗಿದ್ದಾರೋ ಅವರು ಗೋಲು ಹೊಡೆದರು. ಕೊನೆಯ ಪಾಲಿನಲ್ಲಿ ಪ್ರೀತಿಯನ್ನೂ ಇಳಿಸಿದರು. ಬೆಂಚಿನ ಮೇಲೆ ಕೂತ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು, ಗಳಿಗೆಯಲ್ಲಿ ಎರಡು ತಪ್ಪು ಮಾಡಿದಳು. ಮೇಡಂ ಅವಳನ್ನು ವಾಪಸು ಕರೆದರು. ನಾವು ಗೆದ್ದೆವು.

ಮೇಡಂ ನನ್ನ ಪಕ್ಕ ಬಂದು ಕೂತರು. "ನಿಮ್ಮ ಮೊಮ್ಮಗಳು ಒಂದು ಗೋಲೂ ಹೊಡೀಲಿಲ್ಲ, ನೋಡಿದ್ರಾ?"

"ನೋಡೇನ್ರಿ."

"ಆದ್ರೆ ಇಬ್ಬರನ್ನ ಕೊನೇವರೆಗೂ ಹಿಡಿದಿಟ್ಟಳು."

ನಾನು ಕಂಡದ್ದು ಅವರಿಬ್ಬರು ಇವಳನ್ನು ಹಿಡಿದದ್ದು. ಕಲಿತವರಿಗೆ ಅದು ತಿರುಗಿ ಕಾಣುತ್ತದೆ. ನಾನು ತಿದ್ದಲು ಹೋಗಲಿಲ್ಲ. ಉಳಿಸಿಕೊಳ್ಳುತ್ತೀರೋ ಎಂದು ಕೇಳಿದೆ. ಪಟ್ಟಿ ಬೆಳಿಗ್ಗೆ ಹಚ್ಚುತ್ತೇನೆ ಎಂದು ಎದ್ದು ಹೋದರು.

ಹೊರಡುವ ದಿನ

ಬೆಳಿಗ್ಗೆ ಊಟದ ಮನೆಯ ಗೋಡೆಗೆ ಕಾಗದ ಹಚ್ಚಿದ್ದರು. ಮೇಡಂ ಕೈಯಾರೆ ಬರೆದ ದೊಡ್ಡ ದೊಡ್ಡ ಇಂಗ್ಲಿಷು ಅಕ್ಷರ, ಒಂದರ ಕೆಳಗೊಂದು ಒಂಬತ್ತು ಹೆಸರು. ಮೇಡಂ ಅಲ್ಲಿರಲಿಲ್ಲ. ಹುಡುಗಿಯರು ಬಾಗಿಲಿನಲ್ಲಿಯೇ ಗುಂಪಾಗಿ ನಿಂತಿದ್ದರು. ಯಾರೂ ಒಳಗೆ ಕಾಲಿಡುತ್ತಿರಲಿಲ್ಲ.

"ನೀ ನೋಡಬೇ" ಎಂದಳು ನೀಲಿ.

"ನನಗ ಇಂಗ್ಲಿಷ್ ಓದಾಕ ಬರಂಗಿಲ್ಲ. ನೀನ ನೋಡು."

"ನಾ ಒಲ್ಲೆ."

"ಮತ್ತ ಯಾರು ನೋಡಬೇಕು, ಅಡಿಗಿ ಮಾಡಾಕಿ?"

ಅವಳು ಪೆನ್ನು ತಂದು ನನ್ನ ಎಡಗೈ ಹಿಡಿದು ಅಂಗೈ ಮೇಲೆ ತನ್ನ ಹೆಸರು ಬರೆದಳು. ನಾನು ಒಳಗೆ ಹೋಗಿ ಅಂಗೈಯನ್ನು ಕಾಗದದ ಪಕ್ಕಕ್ಕೆ ಹಿಡಿದು ನೋಡುತ್ತ ಬಂದೆ. ಮೊದಲು ಎರಡು ಕಂಬ, ನಡುವೆ ಓರೆ ಕೋಲು. ಆಮೇಲೆ ಮೂರು ಹಲ್ಲಿನ ಹಣಿಗೆ, ಎರಡು ಸಲ. ಅದರ ಪಕ್ಕ ಕಾಲು ಚಾಚಿ ಕೂತಂಥ ಒಂದು ಕೋಲು. ಕೊನೆಗೆ ಒಂದು ಡೇರೆ, ಬೋರಲು ಬಿದ್ದ ಎರಡು ಡೇರೆ, ಮತ್ತೊಂದು ಡೇರೆ. ಮೆಣಸಿನಕಾಯಿಯಲ್ಲಿ ಕೊಳೆತದ್ದು ಯಾವುದು, ಒಳ್ಳೆಯದು ಯಾವುದು ಎಂದು ದಿನವಿಡೀ ಆರಿಸುವ ಕಣ್ಣು ನನ್ನದು. ಏಳನೆಯ ಸಾಲಿನಲ್ಲಿ ಸಿಕ್ಕಿತು. ಒಂದೊಂದು ಅಕ್ಷರವನ್ನೂ ಮತ್ತೊಮ್ಮೆ ತಾಳೆ ನೋಡಿದೆ.

"ಐತಿ" ಎಂದೆ.

ನೀಲಿ ಬಂದು ತಾನೇ ನೋಡಿದಳು. ನನ್ನನ್ನು ಹಿಡಿದುಕೊಳ್ಳುತ್ತಾಳೆಂದು ಕೈ ಸರಿಮಾಡಿಕೊಂಡೆ. ಅವಳು ಹೊರಗೆ ಓಡಿದಳು, ಮೇಡಂ ಎಲ್ಲಿ ಎಂದು ಕೂಗುತ್ತ.

ತಿರುಗಿದರೆ ಇನ್ನೊಬ್ಬ ಹುಡುಗಿ ಕೈ ಚಾಚಿ ನಿಂತಿದ್ದಳು. ಅವಳ ಅಂಗೈ ಮೇಲೂ ಹೆಸರು. "ಅಜ್ಜಿ, ನಂದು?" ನೋಡಿದೆ, ಇತ್ತು. ಅವಳ ಹಿಂದೆ ಮತ್ತೊಬ್ಬಳು. ಹೀಗೆ ಇಂಗ್ಲಿಷು ಬಂದ ಹುಡುಗಿಯರೆಲ್ಲ ಇಂಗ್ಲಿಷು ಬಾರದವಳ ಮುಂದೆ ಸಾಲು ಹಚ್ಚಿದರು. ಇದ್ದವರಿಗೆ ಇದೆ ಎಂದೆ. ಇಲ್ಲದವರಿಗೆ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಕೊನೆಗೆ ಪ್ರೀತಿ ಬಂದಳು. ಅಂಗೈ ಮೇಲೆ ಹೆಸರನ್ನು ಕಾಗದದಲ್ಲಿದ್ದಂಥ ಅಕ್ಷರದಲ್ಲೇ ಅಂದವಾಗಿ ಬರೆದುಕೊಂಡಿದ್ದಳು. ಕಾಗದಕ್ಕೆ ಬೆನ್ನು ಮಾಡಿ ನಿಂತು, ಕೈಯನ್ನಷ್ಟೇ ಹಿಂದಕ್ಕೆ ಕೊಟ್ಟಳು. ನಾನು ಮೇಲಿನಿಂದ ಕೆಳಗೆ ನೋಡಿದೆ.

"ಇನ್ನೊಂದ್ಸಲ ನೋಡಿ ಅಜ್ಜಿ. ನಿಮಗೆ ಓದೋಕೆ ಬರಲ್ಲ, ಅಲ್ವಾ?"

"ಬರಂಗಿಲ್ಲವಾ" ಎಂದೆ. ಮತ್ತೆ ನೋಡಿದೆ.

"ಇನ್ನೊಂದೇ ಸಲ."

ಅವಳ ಅಂಗೈಯನ್ನು ಕಾಗದಕ್ಕೆ ತಾಗಿಸಿ ಹಿಡಿದು, ಮೂರನೇ ಸಲ ಒಂಬತ್ತೂ ಹೆಸರಿನ ಮೇಲೆ ಬೆರಳಿಟ್ಟು ಇಳಿದೆ. ಬೆರಳು ಎಲ್ಲಿಯೂ ನಿಲ್ಲಲಿಲ್ಲ.